ಕಡಿದ ಕಬ್ಬಿಣ ವಾಪಸ್ ಬರಲ್ಲ: ತ್ರೀ ನಾಟ್ ತ್ರೀ ರೈಫಲ್‌ನ ವಯಸ್ಸು ಓದುವ ಬಗೆ

ಎನ್‌ಸಿಸಿಯಲ್ಲಿ ಇದ್ದವರು ಎಷ್ಟು ಜನ ಇದ್ದೀರಿ, ಒಂದ್ಸಲ ಕೈ ಎತ್ತಿ. ಅರ್ಧ ಸಭೆಯೇ ಇದೆ! ಹಾಗಾದರೆ ನನ್ನ ಕೆಲಸ ಸುಲಭ. ತ್ರೀ ನಾಟ್ ತ್ರೀ ಅಂದರೆ ಏನು ಅಂತ ನಿಮಗೆ ವಿವರಿಸಬೇಕಿಲ್ಲ, ಅದರ ಭಾರ ನಿಮ್ಮ ಹೆಗಲಿಗೆ ಗೊತ್ತು. ತೂಕ ನಾಲ್ಕು ಕಿಲೋ ಹತ್ತಿರ. ಬೆಳಗ್ಗೆ ಹನ್ನೊಂದರ ಬಿಸಿಲಲ್ಲಿ ಮೈದಾನದಲ್ಲಿ ನಿಂತಾಗ ಮಾತ್ರ ಅದೇ ಎಂಟು ಕಿಲೋ ಆಗುತ್ತದೆ.

ನಾನು ಅದನ್ನು ಮೊದಲು ಹಿಡಿದದ್ದು ಕಾಲೇಜಿನಲ್ಲಿ. ‘ಬಾಜು ಶಸ್ತ್ರ’, ‘ಬಗಲ್ ಶಸ್ತ್ರ’, ‘ಸಲಾಮಿ ಶಸ್ತ್ರ’ ಎಲ್ಲ ಮುಗಿದ ಮೇಲೆ ಮರದ ನೆರಳಲ್ಲಿ ಕೂತು ರೈಫಲ್ ತೊಡೆಯ ಮೇಲೆ ಇಟ್ಟುಕೊಂಡಾಗ, ತೋಟಾ ಒಳಗೆ ತಳ್ಳುವ ಬೋಲ್ಟಿನ ಹಿಡಿಯ ಹಿಂದೆ ಕಬ್ಬಿಣದ ಮೇಲೆ ಏನೋ ಕೊರೆದದ್ದು ಕಂಡಿತು. ಮೇಲೆ ಒಂದು ಕಿರೀಟ. ಅದರ ಕೆಳಗೆ ಜಿ.ಆರ್.ಐ. ಅದರ ಕೆಳಗೆ ಇಷಾಪುರ್, 1943. ಇನ್ನೂ ಕೆಳಗೆ ರೋಮನ್ ಮೂರು, ಪಕ್ಕದಲ್ಲಿ ಒಂದು ನಕ್ಷತ್ರ. ಆ ನಕ್ಷತ್ರ ಏನು ಅಂತ ನಮ್ಮ ಉಸ್ತಾದರನ್ನು ಕೇಳಿದೆ. ಅವರಿಗೆ ಹೊತ್ತಾಗಿತ್ತು, ರೈಫಲ್ ವಾಪಸ್ ಎಣಿಸಿ ಒಳಗೆ ಇಡಬೇಕಿತ್ತು. ಉತ್ತರ ಸಿಗಲಿಲ್ಲ. ಆಮೇಲೆ ಪೀಣ್ಯದಲ್ಲಿ, ಕಬ್ಬಿಣ ಕಡಿದು ಆಕಾರ ಕೊಡುವ ಮಿಲ್ಲಿಂಗ್ ಮೆಷಿನ್ ಮುಂದೆ ಮೂವತ್ತು ವರ್ಷ ನಿಂತೆ. ಆ ನಕ್ಷತ್ರಕ್ಕೆ ಉತ್ತರ ನನಗೆ ಸಿಕ್ಕಿದ್ದು ಆ ಕೆಲಸದಿಂದ. ಹಾಗಾಗಿ ಇವತ್ತು ಯುದ್ಧದ ಕತೆಗಿಂತ ಜಾಸ್ತಿ ವರ್ಕ್‌ಶಾಪಿನ ಕತೆ ಹೇಳುತ್ತೇನೆ.

ಮೊದಲು, ರಿಸೀವರ್ ಅಂದರೆ ಯಾವುದು? ಅಮೆರಿಕದವರು ರಿಸೀವರ್ ಅನ್ನುತ್ತಾರೆ, ಬ್ರಿಟಿಷರು ಬಾಡಿ ಅನ್ನುತ್ತಾರೆ. ನಮ್ಮ ಪೊಲೀಸ್ ಆರ್ಮರರ್‌ಗಳೂ ಬಾಡಿ ಅನ್ನುವುದನ್ನೇ ನಾನು ಕೇಳಿರುವುದು. ರೈಫಲ್‌ನ ಮರ ತೆಗೆಯಿರಿ, ಬ್ಯಾರೆಲ್ ಬಿಚ್ಚಿ, ಬೋಲ್ಟ್ ಎಳೆಯಿರಿ, ಮ್ಯಾಗಝಿನ್ ತೆಗೆಯಿರಿ. ಉಳಿಯುವ ಕಬ್ಬಿಣದ ತೊಟ್ಟಿಯಂಥ ಭಾಗ ಇದೆಯಲ್ಲ, ಅದು ಬಾಡಿ. ಬ್ಯಾರೆಲ್ ಅದಕ್ಕೆ ಮುಂದಿನಿಂದ ತಿರುಪಿ ಕೂರುತ್ತದೆ, ಬೋಲ್ಟ್ ಅದರೊಳಗೆ ಹಿಂದೆ ಮುಂದೆ ಓಡುತ್ತದೆ. ತ್ರೀ ನಾಟ್ ತ್ರೀಯಲ್ಲಿ ಮರ ಎರಡು ತುಂಡು, ಮುಂದಿನದು ಬೇರೆ, ಹೆಗಲಿಗೆ ಕೊಡುವ ಬಟ್ಟು ಬೇರೆ. ಅದಕ್ಕೇ ಬಾಡಿಯ ಹಿಂಭಾಗದಲ್ಲಿ ಬಟ್ಟು ತೂರಿಸಲು ಒಂದು ಗೂಡು ಇರುತ್ತದೆ. ಬಟ್ ಸಾಕೆಟ್ ಅಂತಾರೆ. ನಾನು ನೋಡಿದ ಕಿರೀಟ ಇದ್ದದ್ದು ಅಲ್ಲಿ.

ರೈಫಲ್‌ನಲ್ಲಿ ಉಳಿದದ್ದೆಲ್ಲ ಬದಲಾಗುತ್ತದೆ. ಬ್ಯಾರೆಲ್ ಸವೆದರೆ ಹೊಸದು. ಮರ ಸೀಳಿದರೆ ಹೊಸದು. ಸ್ಪ್ರಿಂಗ್, ಗುರಿ ಹಿಡಿಯುವ ಸೈಟ್, ಬೋಲ್ಟಿನ ಮುಂತುದಿಯ ಬೋಲ್ಟ್ ಹೆಡ್, ಎಲ್ಲ ಸ್ಟೋರಿನಿಂದ ಬರುತ್ತದೆ. ಬಾಡಿ ಮಾತ್ರ ಹುಟ್ಟಿದ್ದು ಹಾಗೇ ಇರುತ್ತದೆ. ವಯಸ್ಸು ಕೇಳಬೇಕಾದರೆ ಅದನ್ನೇ ಕೇಳಬೇಕು. ಆದರೆ ಕೇಳುವ ರೀತಿ ಇದೆ, ಬಾಡಿಯ ಮೇಲೆ ಹೊಡೆದ ಇಸವಿ ಓದಿಬಿಟ್ಟರೆ ಮುಗಿಯಿತು ಅಂದುಕೊಂಡವರು ಬಹಳ ಸಲ ತಪ್ಪು ಹೇಳಿದ್ದಾರೆ, ಅದಕ್ಕೇ ಈ ಮಾತು ಇಷ್ಟು ಉದ್ದ ಆಗುತ್ತದೆ.

ಸಾಕೆಟ್ ಮೇಲಿನ ಬರಹದಿಂದ ಶುರು ಮಾಡೋಣ. ಕಿರೀಟದ ಕೆಳಗಿನ ಅಕ್ಷರ ಆಗ ರಾಜ್ಯ ಆಳುತ್ತಿದ್ದವರದು. ವಿ.ಆರ್. ಅಂದರೆ ವಿಕ್ಟೋರಿಯಾ. ಇ.ಆರ್. ಅಂದರೆ ಏಳನೇ ಎಡ್ವರ್ಡ್, 1901ರಿಂದ 1910. ಜಿ.ಆರ್. ಅಂದರೆ ಜಾರ್ಜ್, ಐದನೆಯವನೂ ಇರಬಹುದು, ಆರನೆಯವನೂ ಇರಬಹುದು. ಇಷಾಪುರದಲ್ಲಿ ಆದ ರೈಫಲ್ ಮೇಲೆ ಜಿ.ಆರ್.ಐ. ಆ ಕೊನೆಯ ‘ಐ’ ಚಕ್ರವರ್ತಿ ಅನ್ನುವುದಕ್ಕೆ. ಇಂಗ್ಲೆಂಡಿನಲ್ಲಿ ಅವನು ರಾಜ, ಇಲ್ಲಿ ಚಕ್ರವರ್ತಿ. ಆಮೇಲೆ ಕಾರ್ಖಾನೆಯ ಹೆಸರು: ಎನ್‌ಫೀಲ್ಡ್, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ., ಲಂಡನ್ನಿನ ಎಲ್.ಎಸ್.ಎ., ಆಸ್ಟ್ರೇಲಿಯಾದ ಲಿಥ್ಗೋ, ನಮ್ಮ ಇಷಾಪುರ. ಆಮೇಲೆ ಇಸವಿ, ಆಮೇಲೆ ಮಾದರಿ.

ಈಗ ಒಂದು ಪ್ರಶ್ನೆ ನಿಮಗೆ. ಒಬ್ಬರು ನಿಮ್ಮ ಮುಂದೆ ಒಂದು ಗಿಡ್ಡ ಬ್ಯಾರೆಲಿನ ತ್ರೀ ನಾಟ್ ತ್ರೀ ಇಟ್ಟರು. ನಾವು ಎನ್‌ಸಿಸಿಯಲ್ಲಿ ಹಿಡಿದ ಅದೇ ಆಕಾರ, ಮೂತಿಯ ಹತ್ತಿರ ದಪ್ಪ ಕಬ್ಬಿಣದ ಮುಚ್ಚಳ. ಸಾಕೆಟ್ ಮೇಲೆ ಕಿರೀಟ, ವಿ.ಆರ್., ಎನ್‌ಫೀಲ್ಡ್, 1912. ಏನು ಹೇಳುತ್ತೀರಿ?

ಮುಂದಿನ ಸಾಲಿನ ಮೇಡಂ ಸರಿಯಾಗಿ ಹೇಳಿದರು. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಈ ಗಿಡ್ಡ ಮಾದರಿ ಸೇನೆಗೆ ಬಂದದ್ದೇ 1903ರ ಹೊತ್ತಿಗೆ. ಹಾಗಾಗಿ 1912ರ ಇಸವಿಯ ಜೊತೆ ವಿಕ್ಟೋರಿಯಾ ಹೆಸರು ಇರಲು ಸಾಧ್ಯವೇ ಇಲ್ಲ. ಇಂಥ ರೈಫಲ್‌ಗಳು ಬರುವುದು ಖೈಬರ್ ಕಣಿವೆಯ ಕಡೆಯಿಂದ. ಈಗಿನ ಪಾಕಿಸ್ತಾನದ ದರ್ರಾ ಆದಂ ಖೇಲ್ ಅನ್ನುವ ಊರಿನಲ್ಲಿ ಮನೆಮನೆಯಲ್ಲಿ ಬಂದೂಕು ಮಾಡುತ್ತಿದ್ದರು. ಅರದಲ್ಲಿ ಉಜ್ಜಿ, ಕೈ ಡ್ರಿಲ್ಲಿನಲ್ಲಿ ಕೊರೆದು ಒಂದು ಇಡೀ ರೈಫಲ್ ಮಾಡುವುದು ಅಂದರೆ ಸಣ್ಣ ಮಾತಲ್ಲ, ನಾನು ಆ ಕೈಗಳಿಗೆ ನಮಸ್ಕಾರ ಹಾಕುತ್ತೇನೆ. ಆದರೆ ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕಂಡ ಠಸ್ಸೆಯನ್ನು ಚಿತ್ರದ ಹಾಗೆ ನಕಲು ಮಾಡಿದರು. ಅದಕ್ಕೇ ಅವುಗಳ ಮೇಲೆ ಅಕ್ಷರ ತಿರುಗಿರುತ್ತದೆ, ಎನ್‌ಫೀಲ್ಡ್ ಸ್ಪೆಲ್ಲಿಂಗ್ ತಪ್ಪಿರುತ್ತದೆ, ಸತ್ತ ರಾಣಿ ಹತ್ತು ವರ್ಷ ಆದಮೇಲೂ ಆಳುತ್ತಿರುತ್ತಾಳೆ.

ಇದರಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಠಸ್ಸೆ ಹೊಡೆಯಲು ಒಂದು ಪಂಚ್, ಒಂದು ಸುತ್ತಿಗೆ, ಅರ್ಧ ನಿಮಿಷ ಸಾಕು. ಯಾರು ಬೇಕಾದರೂ ಹೊಡೆಯಬಹುದು, ಯಾವಾಗ ಬೇಕಾದರೂ ಹೊಡೆಯಬಹುದು. ಆದರೆ ಬಾಡಿಯಲ್ಲಿ ಒಂದು ಸ್ಲಾಟ್ ಕಡಿಯಬೇಕಾದರೆ ಮೆಷಿನ್ ಬೇಕು, ಕಟರ್ ಬೇಕು, ಜಾಬ್, ಅಂದರೆ ಕಡಿಯುವ ತುಂಡು, ಅಲುಗಾಡದ ಹಾಗೆ ಹಿಡಿಯುವ ಫಿಕ್ಸ್ಚರ್ ಬೇಕು, ಅಳೆಯಲು ಗೇಜ್ ಬೇಕು. ಅದು ಕಾರ್ಖಾನೆಯ ಕೆಲಸ. ಇನ್ನೊಂದು ವಿಷಯ, ಮಿಲ್ಲಿಂಗ್ ಮಾಡಿದವರಿಗೆಲ್ಲ ಗೊತ್ತು: ಕಡಿದ ಕಬ್ಬಿಣ ವಾಪಸ್ ಬರಲ್ಲ. ಒಂದು ಸ್ಲಾಟ್ ಕಡಿದಿದ್ದರೆ ಅದು ಕಡಿದದ್ದೇ. ವೆಲ್ಡ್ ಮಾಡಿ ಮುಚ್ಚಿದರೂ ಅದರ ಗೆರೆ ಉಳಿಯುತ್ತದೆ. ಅದಕ್ಕೇ ಬಾಡಿಯ ವಯಸ್ಸು ಕೇಳುವಾಗ ನಾನು ಮೊದಲು ನೋಡುವುದು ಎಲ್ಲಿ ಏನು ಕಡಿದಿದ್ದಾರೆ, ಎಲ್ಲಿ ಕಡಿಯದೆ ಬಿಟ್ಟಿದ್ದಾರೆ ಅನ್ನುವುದನ್ನು. ಠಸ್ಸೆ ಓದುವುದು ಆಮೇಲೆ. ಎರಡೂ ಒಂದೇ ಮಾತು ಹೇಳಿದರೆ ಒಳ್ಳೆಯದು. ಹೇಳದಿದ್ದರೆ ನಾನು ಕಟರ್‌ನ ಮಾತು ನಂಬುತ್ತೇನೆ.

ಈಗ ನನ್ನ ನಕ್ಷತ್ರಕ್ಕೆ ಬರೋಣ.

ಮಾರ್ಕ್ ತ್ರೀ ಅನ್ನುವ ಮಾದರಿ ಬಂದದ್ದು 1907ರ ಜನವರಿಯಲ್ಲಿ. ಅದರಲ್ಲಿ ಮ್ಯಾಗಝಿನ್ ಕಟ್‌ಆಫ್ ಅಂತ ಒಂದು ತಗಡು ಇತ್ತು. ಬಾಡಿಯ ಬಲಗಡೆ, ಬೋಲ್ಟಿನ ಕೆಳಗೆ. ಒಳಗೆ ತಳ್ಳಿದರೆ ಅದು ಮ್ಯಾಗಝಿನ್ ಮೇಲೆ ಮುಚ್ಚಿಕೊಳ್ಳುತ್ತದೆ. ಆಗ ಸಿಪಾಯಿ ಒಂದೊಂದೇ ತೋಟಾ ಕೈಯಲ್ಲಿ ಹಾಕಿ ಹೊಡೆಯಬೇಕು, ಮ್ಯಾಗಝಿನ್‌ನಲ್ಲಿರುವ ಹತ್ತು ತೋಟಾ ಕಷ್ಟಕಾಲಕ್ಕೆ ಉಳಿಯುತ್ತವೆ. ಸಿಪಾಯಿಗೆ ಹತ್ತು ತೋಟಾ ಒಟ್ಟಿಗೆ ಕೊಟ್ಟರೆ ಸುಮ್ನೆ ಖರ್ಚು ಮಾಡಿಬಿಡುತ್ತಾನೆ ಅಂತ ಮೇಲಿನವರ ಭಯ. ಈ ತಗಡು ಕೂರಲು ಬಾಡಿಯ ಬಲಗೋಡೆಯಲ್ಲಿ ಉದ್ದಕ್ಕೆ ಒಂದು ಸ್ಲಾಟ್ ಕಡಿಯಬೇಕಿತ್ತು.

1914ರಲ್ಲಿ ಯುದ್ಧ ಬಂತು. ಲಕ್ಷಗಟ್ಟಲೆ ರೈಫಲ್ ಬೇಕು, ಬೇಗ ಬೇಕು. ಕಂದಕದಲ್ಲಿ ಕೂತವನಿಗೆ ಒಂದೊಂದೇ ತೋಟಾ ಹಾಕುವ ಸಾವಕಾಶ ಎಲ್ಲಿದೆ? 1916ರ ಜನವರಿಯಲ್ಲಿ ಕಟ್‌ಆಫ್ ತೆಗೆದು ಹಾಕಿದ ಮಾದರಿಗೆ ಒಪ್ಪಿಗೆ ಕೊಟ್ಟರು. ಎಡಗಡೆ ಇದ್ದ ದೂರದ ಗುರಿಯ ಸೈಟ್ ಕೂಡ ಹೋಯಿತು, ಹಿಂದಿನ ಸೈಟನ್ನು ಅಡ್ಡಡ್ಡ ಸರಿಸುವ ಸ್ಕ್ರೂ ಕೂಡ ಹೋಯಿತು. ಹೀಗೆ ಹಗುರ ಮಾಡಿದ ಮಾದರಿಯ ಗುರುತೇ ಆ ನಕ್ಷತ್ರ, ಮಾರ್ಕ್ ತ್ರೀ ಸ್ಟಾರ್. ನನ್ನ ತೊಡೆಯ ಮೇಲಿದ್ದ ನಕ್ಷತ್ರ ಹೇಳುತ್ತಿದ್ದದ್ದು ಇಷ್ಟೇ: ನನ್ನಲ್ಲಿ ಒಂದು ಸ್ಲಾಟ್ ಕಡಿಯುವುದನ್ನು ಬಿಟ್ಟಿದ್ದಾರೆ.

ಹಾಗಾದರೆ ಸ್ಲಾಟ್ ಇದ್ದರೆ 1916ಕ್ಕಿಂತ ಮುಂಚೆ, ಇಲ್ಲದಿದ್ದರೆ ಆಮೇಲೆ, ಅಲ್ವಾ? ಅಲ್ಲ. ಇಲ್ಲೇ ಜನ ಎಡವುವುದು.

ಒಂದು ದೊಡ್ಡ ಕಾರ್ಖಾನೆಯ ಒಳಗೆ ನಿಂತು ಯೋಚನೆ ಮಾಡಿ. ಆದೇಶ ಬಂದ ದಿನ ಅಲ್ಲಿ ಏನಿರುತ್ತದೆ? ಫೋರ್ಜಿಂಗ್, ಅಂದರೆ ಕಾಸಿ ಬಡಿಯುವ ಕೆಲಸ, ಮಾತ್ರ ಆದ ಬಾಡಿಗಳು ಒಂದು ರಾಶಿ. ಒಳಗಡೆ ಕೊರೆದವು ಇನ್ನೊಂದು ರಾಶಿ. ಸ್ಲಾಟ್ ಕಡಿದು ಆಗಿರುವವು ಮತ್ತೊಂದು ರಾಶಿ. ಯುದ್ಧದ ಹೊತ್ತಿನಲ್ಲಿ ಯಾರಾದರೂ ಸ್ಲಾಟ್ ಕಡಿದ ಬಾಡಿಯನ್ನು ಎಸೆಯುತ್ತಾರಾ? ಕಟ್‌ಆಫ್ ತಗಡು ಹಾಕದೆ ಹಾಗೇ ಕಟ್ಟಿ, ನಕ್ಷತ್ರ ಹೊಡೆದು ಕಳಿಸುತ್ತಾರೆ. ಅದಕ್ಕೇ ನಕ್ಷತ್ರವೂ ಇರುವ, ಖಾಲಿ ಸ್ಲಾಟೂ ಇರುವ ಬಾಡಿಗಳು ಸಿಗುತ್ತವೆ. ಇನ್ನೊಂದು ಕಡೆ, ಲಂಡನ್ ಸ್ಮಾಲ್ ಆರ್ಮ್ಸ್ ಕಂಪನಿ 1918ರವರೆಗೂ ಹಳೆಯ ಮಾರ್ಕ್ ತ್ರೀಯನ್ನೇ ಮಾಡುತ್ತಾ ಹೋಯಿತು. ಹಾಗಾಗಿ ಎಲ್.ಎಸ್.ಎ. 1917, ಸ್ಲಾಟ್ ಇದೆ, ನಕ್ಷತ್ರ ಇಲ್ಲ ಅಂದರೆ ಅದು ಸರಿಯಾದ ರೈಫಲ್. ಅದನ್ನು ನೋಡಿ ಇಸವಿ ತಿದ್ದಿದ್ದಾರೆ ಅಂತ ಹೇಳಿದರೆ ಒಂದು ಒಳ್ಳೆಯ ರೈಫಲ್‌ಗೆ ಅನ್ಯಾಯ ಮಾಡಿದ ಹಾಗೆ. ಯುದ್ಧ ಮುಗಿದ ಮೇಲೆ ಪುರುಸೊತ್ತು ಬಂತು, ಕೆಲವು ಕಡೆ ಮತ್ತೆ ನಕ್ಷತ್ರ ಇಲ್ಲದ ಮಾದರಿ ಶುರುವಾಯಿತು. ಎರಡನೇ ಯುದ್ಧ ಬಿಗಿಯಾದ ಮೇಲೆ ಮತ್ತೆ ನಕ್ಷತ್ರ ಬಂತು. ಬದಲಾವಣೆ ಮುಂದಕ್ಕೇ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಪ್ರತಿ ಕಾರ್ಖಾನೆಗೂ ತನ್ನದೇ ಕ್ಯಾಲೆಂಡರ್ ಇತ್ತು.

ಇದು ನನಗೆ ಬಹಳ ಇಷ್ಟವಾದ ವಿಷಯ, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಖಾಲಿ ಸ್ಲಾಟ್ ಇರುವ ಬಾಡಿಯ ಒಳಗೆ ಬೆರಳು ಆಡಿಸಿ ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಮೊದಲಿಗೆ ಕಟ್‌ಆಫ್ ಇದ್ದು, ವರ್ಷಗಟ್ಟಲೆ ತಗಡು ಹಿಂದೆ ಮುಂದೆ ಆಡಿದ್ದರೆ ಸ್ಲಾಟಿನ ಅಂಚು ನಯವಾಗಿರುತ್ತದೆ, ಹೊಳಪು ಬಂದಿರುತ್ತದೆ. ತಗಡು ಒಂದು ದಿನವೂ ಕೂರದಿದ್ದರೆ ಕಟರ್ ಬಿಟ್ಟು ಹೋದ ಗೆರೆಗಳು ಹಾಗೇ ಒರಟಾಗಿ ಇರುತ್ತವೆ. ಒಂದೇ ಸ್ಲಾಟ್, ಎರಡು ಬೇರೆ ಚರಿತ್ರೆ. ಇದನ್ನು ಫೋಟೊದಲ್ಲಿ ನೋಡುವುದು ಕಷ್ಟ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ.

ಹಿಂದಿನ ಸಾಲಿನವರು ಕೇಳುತ್ತಿದ್ದಾರೆ, ಇಸವಿಯೇ ಇಲ್ಲದಿದ್ದರೆ ಏನು ಮಾಡುವುದು ಅಂತ. ಒಳ್ಳೆಯ ಪ್ರಶ್ನೆ. ಅದಕ್ಕೆ ನಂಬರ್ ಫೋರ್ ರೈಫಲ್ ನೋಡಬೇಕು. ತ್ರೀ ನಾಟ್ ತ್ರೀಯ ತಮ್ಮ ಅದು. ಬಾಡಿ ಇನ್ನೂ ಗಟ್ಟಿ, ಹಿಂದಿನ ಸೈಟ್ ಬ್ಯಾರೆಲ್ ಬಿಟ್ಟು ಬಾಡಿಯ ಮೇಲೆ, ಕಣ್ಣಿನ ಹತ್ತಿರ. 1939ರ ಕೊನೆಯಲ್ಲಿ ಒಪ್ಪಿಗೆ ಸಿಕ್ಕಿತು, 1941ರಿಂದ ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. ಇಂಗ್ಲೆಂಡಿನಲ್ಲಿ ಫಝಾಕರ್ಲಿ, ಮಾಲ್ಟ್‌ಬಿ, ಬಿ.ಎಸ್.ಎ.ಯ ಶರ್ಲಿ ಕಾರ್ಖಾನೆ. ಕೆನಡಾದಲ್ಲಿ ಟೊರಾಂಟೊ ಹತ್ತಿರ ಲಾಂಗ್ ಬ್ರಾಂಚ್. ಅಮೆರಿಕದ ಮಸಾಚುಸೆಟ್ಸ್‌ನ ಚಿಕಪೀ ಫಾಲ್ಸ್‌ನಲ್ಲಿ ಸ್ಯಾವೇಜ್ ಕಂಪನಿ. ಲಾಂಗ್ ಬ್ರಾಂಚ್‌ನವರು ಬಾಡಿಯ ಎಡಗೋಡೆಯ ಮೇಲೆ ಹೆಸರು, ಇಸವಿ ಎಲ್ಲ ಚೆನ್ನಾಗಿ ಬರೆದರು. ಸ್ಯಾವೇಜ್ ಬಾಡಿಗಳ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ‘ಯು.ಎಸ್. ಪ್ರಾಪರ್ಟಿ’ ಅಂತ ಇರುತ್ತದೆ. ಅಮೆರಿಕ ಅದನ್ನು ಬ್ರಿಟನ್ನಿಗೆ ಮಾರಲಿಲ್ಲ, 1941ರ ಲೆಂಡ್ ಲೀಸ್ ಕಾನೂನಿನ ಪ್ರಕಾರ ಎರವಲು ಕೊಟ್ಟಿತು. ಆ ಎರಡು ಪದ ಓದಿದ ಕೂಡಲೇ ಅದು 1941ಕ್ಕಿಂತ ಮುಂಚಿನದಲ್ಲ ಅಂತ ಗೊತ್ತಾಯಿತು. ಸೀರಿಯಲ್ ನಂಬರಿನಲ್ಲಿ ‘ಸಿ’ ಅಕ್ಷರ ಇರುತ್ತದೆ, ಚಿಕಪೀ ಅನ್ನುವುದಕ್ಕೆ. ‘ಸಿ’ ಮುಂದಿನ ಅಂಕಿ ಏರುತ್ತಾ ಹೋಗುತ್ತದೆ, ಅದು ಸಾಲಿನಲ್ಲಿ ಅದರ ಜಾಗ ಹೇಳುತ್ತದೆ.

ಇನ್ನು ಕಟರ್‌ನ ಸಾಕ್ಷಿ. ನಂಬರ್ ಫೋರ್‌ನಲ್ಲಿ ಬೋಲ್ಟ್ ಹೊರತೆಗೆಯಲು ಮೊದಲು ಒಂದು ಕ್ಯಾಚ್ ಇತ್ತು. ಸ್ಪ್ರಿಂಗ್ ಮೇಲೆ ಕೂತ ಸಣ್ಣ ತುಂಡು, ಒತ್ತಿ ಹಿಡಿದು ಬೋಲ್ಟ್ ಹೆಡ್ ಮೇಲೆತ್ತಬೇಕು. ಅದಕ್ಕೆ ಬಾಡಿಯಲ್ಲಿ ಗೂಡು ಮಾಡಬೇಕು, ಸ್ಪ್ರಿಂಗಿಗೆ ಜಾಗ ಬೇಕು, ಆ ತುಂಡನ್ನು ಬೇರೆ ಮಾಡಿ ಕೂರಿಸಬೇಕು. 1942ರಲ್ಲಿ ಕೆನಡಾ, ಅಮೆರಿಕದವರು ಇದೆಲ್ಲ ಬಿಟ್ಟರು. ಬೋಲ್ಟ್ ಹೆಡ್ ಓಡುವ ಹಳಿ ಇದೆಯಲ್ಲ, ಅದರ ಮುಂದಿನ ಕಡೆ ಒಂದು ಕಚ್ಚು ಕಡಿದರು. ಬೋಲ್ಟ್ ಹೆಡ್ ಆ ಕಚ್ಚಿನ ಎದುರು ಬಂದಾಗ ಮೇಲೆತ್ತಿದರೆ ಬಂತು. ಇದು ನಂಬರ್ ಫೋರ್ ಮಾರ್ಕ್ ವನ್ ಸ್ಟಾರ್. ಇಲ್ಲೂ ನಕ್ಷತ್ರ ಅಂದರೆ ಕೆಲಸ ಕಮ್ಮಿ ಮಾಡಿದ್ದು. ನನ್ನಂಥ ಮಿಲ್ಲಿಂಗ್‌ನವನಿಗೆ ಇದು ಕಣ್ಣಿಗೆ ಹಬ್ಬ: ನಾಲ್ಕೈದು ಆಪರೇಷನ್ ಹೋಗಿ ಒಂದೇ ಒಂದು ಕಟ್ ಬಂತು. ಆದರೆ ಆ ಕಚ್ಚಿನ ಅಂಚು ತೆಳ್ಳಗೆ, ಬೋಲ್ಟ್ ಹೆಡ್ ಬಂದು ಬಂದು ಬಡಿದು ಅಲ್ಲಿ ಚೂರು ಹಾರುತ್ತದೆ. ಈಗಲೂ ಮಾರ್ಕ್ ವನ್ ಸ್ಟಾರ್ ಕೊಳ್ಳುವವರು ಮೊದಲು ನೋಡುವುದು ಅದನ್ನೇ. ಸ್ಯಾವೇಜ್ ಬಾಡಿಯ ಮೇಲೆ ಇಸವಿ ಇಲ್ಲದಿದ್ದರೂ ಕ್ಯಾಚ್ ಇದ್ದರೆ ಸಾಲಿನ ಮೊದಲ ತುದಿ, ಕಚ್ಚು ಇದ್ದರೆ 1942 ಮತ್ತು ಆಮೇಲೆ. ಇಷ್ಟು ಹೇಳಲು ಯಾವ ಠಸ್ಸೆಯೂ ಬೇಡ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ವಯಸ್ಸು ಗೊತ್ತಾಗಿ ಏನಾಗಬೇಕು, ಅದೊಂದು ಹವ್ಯಾಸ ಅಷ್ಟೇ ಅಂತ ಕೇಳುವವರಿಗೆ ಈ ಕತೆ ಹೇಳಬೇಕು. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ ನೋಡಿ. ಅದರ ರಿಸೀವರ್ ಮೇಲೆ ಇಸವಿ ಇಲ್ಲ, ಸೀರಿಯಲ್ ನಂಬರ್ ಮಾತ್ರ. ಬ್ಯಾರೆಲ್ ಮೂತಿಯ ಹತ್ತಿರ ತಿಂಗಳು, ಇಸವಿ ಇರುತ್ತದೆ, ಆದರೆ ಅದು ಬ್ಯಾರೆಲ್‌ನ ವಯಸ್ಸು. 1917ರಲ್ಲಿ ಕೆಲವು ರಿಸೀವರ್‌ಗಳು ಸಿಡಿದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಒಲೆಯ ಹತ್ತಿರ. ಫೋರ್ಜಿಂಗ್ ಮಾಡುವವರು ಕಬ್ಬಿಣ ಎಷ್ಟು ಕಾದಿದೆ ಅಂತ ಕಣ್ಣಿನಿಂದಲೇ, ಬಣ್ಣ ನೋಡಿ ಹೇಳುತ್ತಿದ್ದರು. ಅನುಭವಸ್ಥರೇ. ಆದರೆ ಉಪಕರಣ ಇಟ್ಟು ಅಳೆದಾಗ, ಮೋಡದ ದಿನಕ್ಕೂ ಬಿಸಿಲಿನ ದಿನಕ್ಕೂ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ವ್ಯತ್ಯಾಸ ಬರುತ್ತಿತ್ತು. ಬಿಸಿಲು ಜೋರಾಗಿದ್ದಾಗ ಕೆಂಪು ಮಂಕಾಗಿ ಕಾಣುತ್ತದೆ, ಇನ್ನೂ ಕಾಯಲಿ ಅಂತ ಬಿಡುತ್ತಾರೆ, ಕಬ್ಬಿಣ ಸುಟ್ಟು ಹೋಗುತ್ತದೆ. ಸುಟ್ಟ ಕಬ್ಬಿಣ ಗಾಜಿನ ಹಾಗೆ ಒಡೆಯುತ್ತದೆ.

ನಮ್ಮೂರಿನ ಕಮ್ಮಾರರ ಕುಲುಮೆ ನೆನಪಿದೆಯಾ? ಯಾವಾಗಲೂ ಕತ್ತಲೆ. ಮೂರು ಕಡೆ ಗೋಡೆ, ತಗ್ಗಿನ ಮಾಡು, ಹೊರಗೆ ಎಷ್ಟು ಬಿಸಿಲಿದ್ದರೂ ಒಳಗೆ ಮಬ್ಬು. ಚಿಕ್ಕವನಿದ್ದಾಗ ನಾನು ಬಡತನಕ್ಕೆ ಕಿಟಕಿ ಇಟ್ಟಿಲ್ಲ ಅಂದುಕೊಂಡಿದ್ದೆ. ಕುಡುಗೋಲಿಗೆ ಹದ ಹಾಕುವ ಅಜ್ಜ ಒಬ್ಬರು ಆಮೇಲೆ ಹೇಳಿದರು, “ಬೆಳಕು ಬಿದ್ರೆ ಬಣ್ಣ ಸುಳ್ಳು ಹೇಳ್ತದಪ್ಪ.” ಅಷ್ಟು ದೊಡ್ಡ ಶಸ್ತ್ರಾಗಾರದಲ್ಲಿ ತಪ್ಪಿದ್ದು ಅದೇ ಮಾತು.

ಆಮೇಲೆ ಅಮೆರಿಕದವರು ಎರಡು ಸಲ ಹದ ಹಾಕುವ ಪದ್ಧತಿ ತಂದರು. 1918ರಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಸುಮಾರು 8,00,000ನೇ ನಂಬರಿನಿಂದ, ರಾಕ್ ಐಲ್ಯಾಂಡ್ ಶಸ್ತ್ರಾಗಾರದಲ್ಲಿ 2,85,507ರಿಂದ. ಅದಕ್ಕಿಂತ ಕೆಳಗಿನ ನಂಬರಿನವನ್ನು ಇವತ್ತಿಗೂ ತಿಳಿದವರು ಗೋಡೆಗೆ ತೂಗುಹಾಕುತ್ತಾರೆ, ಗುಂಡು ಹಾರಿಸುವುದಿಲ್ಲ. ಬ್ಯಾರೆಲ್ ಮೇಲೆ 1920ರ ದಶಕದ ಇಸವಿ ನೋಡಿ, ರಿಸೀವರ್ ನಂಬರ್ ನೋಡದೆ, ಇದು ಹೊಸದು ಅಂತ ತೋಟಾ ಹಾಕಿದರೆ ಏನಾಗಬಹುದು ಅಂತ ನಾನು ಹೇಳಬೇಕಿಲ್ಲ.

ವಾಪಸ್ ನಮ್ಮ ದೇಶಕ್ಕೆ ಬರೋಣ. ಇಷಾಪುರ ಇರುವುದು ಕೋಲ್ಕತ್ತಾದ ಉತ್ತರಕ್ಕೆ, ಹೂಗ್ಲಿ ನದಿಯ ದಡದಲ್ಲಿ. ಅಲ್ಲಿ ರೈಫಲ್ ಕಾರ್ಖಾನೆ ಶುರುವಾದದ್ದು 1904ರಲ್ಲಿ. ಅಲ್ಲಿಯ ಬಾಡಿಗಳನ್ನು ಸಾಲಾಗಿ ಇಟ್ಟರೆ ದೇಶದ ಚರಿತ್ರೆಯೇ ಸಾಲಾಗಿ ಕಾಣುತ್ತದೆ. ಮೊದಲು ಕಿರೀಟ, ಜಿ.ಆರ್.ಐ. 1948ರ ಜೂನ್‌ನಲ್ಲಿ ಆರನೇ ಜಾರ್ಜ್ ಭಾರತದ ಚಕ್ರವರ್ತಿ ಅನ್ನುವ ಬಿರುದು ಬಿಟ್ಟ. 1950ರಲ್ಲಿ ಗಣರಾಜ್ಯ ಆಯಿತು, ಕಿರೀಟ ಇದ್ದ ಜಾಗಕ್ಕೆ ಅಶೋಕನ ಸಿಂಹ ಬಂತು. ಕಾರ್ಖಾನೆಯ ಹೆಸರು ಆರ್.ಎಫ್.ಐ. ಆಯಿತು, ಅಂದರೆ ರೈಫಲ್ ಫ್ಯಾಕ್ಟರಿ ಇಷಾಪುರ್. ಅದೇ ಬಾಡಿ, ಅದೇ ಬೋಲ್ಟ್, ಅದೇ ಮೂತಿ. ಠಸ್ಸೆ ಮಾತ್ರ ಬೇರೆ. ಮೊದಲ ಸಲ ಸಿಂಹದ ಗುರುತಿನ ಮಾರ್ಕ್ ತ್ರೀ ಸ್ಟಾರ್ ಕೈಗೆ ಬಂದಾಗ ನನಗೆ ಮಾತು ಹೊರಡಲಿಲ್ಲ.

ಕೆಲವು ವರ್ಷದ ಹಿಂದೆ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಗಾಜಿನ ಪೆಟ್ಟಿಗೆಯಲ್ಲಿ ಒಂದು ರೈಫಲ್, ಕೆಳಗೆ ಚೀಟಿ: ಮೊದಲ ಮಹಾಯುದ್ಧದ ಬ್ರಿಟಿಷ್ ರೈಫಲ್. ದೂರದಿಂದಲೇ ಅದರ ಮ್ಯಾಗಝಿನ್ ಕಣ್ಣಿಗೆ ಹೊಡೆಯಿತು. ತ್ರೀ ನಾಟ್ ತ್ರೀ ಮ್ಯಾಗಝಿನ್ ಕೆಳಗೆ ಓರೆಯಾಗಿರುತ್ತದೆ. ಇದು ಚೌಕ, ಡಬ್ಬಿಯ ಹಾಗೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಸಾಕೆಟ್ ಮೇಲೆ ಸಿಂಹ, ಆರ್.ಎಫ್.ಐ., 1967. ಅದು ಟು ಎ ವನ್. 1962ರ ಯುದ್ಧ ಆದ ಮೇಲೆ, 7.62 ಮಿಲಿಮೀಟರಿನ ತೋಟಾಕ್ಕೆ ಸೇನೆ ಬದಲಾಗುತ್ತಿದ್ದ ಹೊತ್ತಿನಲ್ಲಿ ಇಷಾಪುರದವರು ಅದೇ ಹಳೆಯ ಆಕಾರದಲ್ಲಿ ಮಾಡಿದ ರೈಫಲ್. ಹಳೆಯ ತ್ರೀ ನಾಟ್ ತ್ರೀಯನ್ನು ತಿದ್ದಿ ಮಾಡಿದ್ದು ಅಂತ ಬಹಳ ಜನ ಬರೆಯುತ್ತಾರೆ. ಹಾಗಲ್ಲ, ಹೊಸ ತೋಟಾದ ಒತ್ತಡ ತಾಳಲು ಬೇರೆ ಉಕ್ಕಿನಲ್ಲಿ ಹೊಸದಾಗಿ ಮಾಡಿದ ಬಾಡಿ ಅದು. ಮ್ಯಾಗಝಿನ್‌ಗೆ ಹನ್ನೆರಡು ತೋಟಾ. ಸೈಟ್ ಮೇಲೆ 800ರವರೆಗೆ ಅಂಕಿ ಇದ್ದರೆ ಟು ಎ ವನ್, 2000ದವರೆಗೆ ಇದ್ದರೆ ಅದಕ್ಕಿಂತ ಮುಂಚಿನ ಟು ಎ. ಚೀಟಿ ಬರೆದವರನ್ನು ಭೇಟಿ ಮಾಡಿ ಹೇಳಿದೆ. ಅವರು ಕೇಳಿಸಿಕೊಂಡರು, ಚೀಟಿ ಬದಲಾಯಿತೋ ಇಲ್ಲವೋ ಮತ್ತೆ ನೋಡಲು ಹೋಗಿಲ್ಲ. ನನಗೆ ಬೇಸರ ಆದದ್ದು ಯಾಕೆ ಅಂದರೆ, 1960ರ ದಶಕದಲ್ಲಿ ನಮ್ಮವರು ನಮ್ಮ ಮೆಷಿನ್‌ನಲ್ಲಿ ಮಾಡಿದ ಕೆಲಸವನ್ನು ಆ ಚೀಟಿ ಬೇರೆಯವರ ಲೆಕ್ಕಕ್ಕೆ ಹಾಕಿತ್ತು.

ಕೊಡಗು, ಚಿಕ್ಕಮಗಳೂರು ಕಡೆಯವರು ಇದ್ದರೆ ಒಂದು ಮಾತು. ಎಸ್ಟೇಟ್ ಮನೆಗಳಲ್ಲಿ ಲೈಸೆನ್ಸ್ ಇರುವ ತ್ರೀ ಒನ್ ಫೈವ್ ಸ್ಪೋರ್ಟಿಂಗ್ ರೈಫಲ್ ಇರುತ್ತದಲ್ಲ, ಅದರ ಬೋಲ್ಟ್ ಎಳೆದು ನೋಡಿ, ಕೈಗೆ ಪರಿಚಯದ ಹಾಗೆ ಅನ್ನಿಸುತ್ತದೆ. ಅದೂ ಇದೇ ವಂಶ. ತ್ರೀ ನಾಟ್ ತ್ರೀ ನಮ್ಮಲ್ಲಿ ಜನಸಾಮಾನ್ಯರಿಗೆ ನಿಷೇಧಿತ ಬೋರ್, ಅದಕ್ಕೇ ಬೇರೆ ಬೋರಿನಲ್ಲಿ ಮಾಡಿದರು. ಪೊಲೀಸಿನಲ್ಲಿದ್ದವರಿಗೆ ಫೋರ್ ಟೆನ್ ಮಸ್ಕೆಟ್ ನೆನಪಿರುತ್ತದೆ. ಅದೂ ತ್ರೀ ನಾಟ್ ತ್ರೀಯ ಬಾಡಿಯೇ, ಬ್ಯಾರೆಲ್ ಒಳಗಿನ ಸುರುಳಿ ಕೊರೆದು ನಯ ಮಾಡಿ, ಮ್ಯಾಗಝಿನ್ ಜಾಗಕ್ಕೆ ಮರದ ತುಂಡು ಇಟ್ಟದ್ದು. ಅಂಥದರ ಸಾಕೆಟ್ ಮೇಲೆ ಮೊದಲ ಯುದ್ಧದ ಇಸವಿ ಇದ್ದರೆ ಅದು ಬಾಡಿಯ ವಯಸ್ಸು, ಮಸ್ಕೆಟ್ ಆದದ್ದು ಆಮೇಲೆ.

ಕೊನೆಗೆ ಒಂದು ರೈಫಲ್‌ನ ಕತೆ ಪೂರ್ತಿ ಹೇಳುತ್ತೇನೆ. ನನ್ನ ತಂಗಿಯ ಮಗ ಕೆನಡಾದಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಹಳೆಯ ಲೀ ಎನ್‌ಫೀಲ್ಡ್, ಅಂದರೆ ಇದೇ ತ್ರೀ ನಾಟ್ ತ್ರೀ, ಇಟ್ಟುಕೊಳ್ಳಬಹುದು. ಒಂದು ದಿನ ರಾತ್ರಿ ಫೋನ್ ಮಾಡಿದ. “ಮಾವ, ಬಿ.ಎಸ್.ಎ. 1916 ಸಿಕ್ಕಿದೆ, ಫ್ರಾನ್ಸಿನ ಕಂದಕದಲ್ಲಿ ಇದ್ದದ್ದೇ ಇರಬೇಕು!” ಅವನ ಸಂತೋಷ ಕೇಳಿ ನನಗೂ ಸಂತೋಷ ಆಯಿತು. ಫೋಟೊ ಕಳಿಸಪ್ಪ ಅಂದೆ.

ಮೊದಲ ಫೋಟೊದಲ್ಲೇ ಮುಂದಿನ ಮರದಲ್ಲಿ, ಮ್ಯಾಗಝಿನ್‌ನ ಸ್ವಲ್ಪ ಮುಂದೆ, ಅಡ್ಡಕ್ಕೆ ಒಂದು ಸ್ಕ್ರೂ ಕಂಡಿತು. ಇದನ್ನು ಇಷಾಪುರ್ ಸ್ಕ್ರೂ ಅಂತಲೇ ಕರೆಯುತ್ತಾರೆ. ಗುಂಡು ಹಾರಿದಾಗ ಹಿಂದಕ್ಕೆ ಬರುವ ಒದೆತ ಬಾಡಿಯಿಂದ ಮರಕ್ಕೆ ಹೋಗುತ್ತದೆ, ಮರ ಅಲ್ಲಿ ಸೀಳುತ್ತದೆ. ಸೀಳದಿರಲಿ ಅಂತ ನಮ್ಮವರು ಅಡ್ಡ ಸ್ಕ್ರೂ ಹಾಕಿ ಬಿಗಿದರು. ಇದು ಬರ್ಮಿಂಗ್‌ಹ್ಯಾಮಿನಲ್ಲಿ ಹಾಕಿದ್ದಲ್ಲ. ಹಾಗಾಗಿ ಈ ರೈಫಲ್ ಯಾವಾಗಲೋ ಭಾರತಕ್ಕೆ ಬಂದಿದೆ, ಇಲ್ಲಿಯ ವರ್ಕ್‌ಶಾಪಿನಲ್ಲಿ ಬಿಚ್ಚಿ ಕಟ್ಟಿದ್ದಾರೆ. ಬ್ಯಾರೆಲ್ ಮೇಲಿನ ಇಸವಿ 1940ರ ದಶಕದ್ದು, ಇಷಾಪುರದ್ದು. ಮೇಲೆಲ್ಲ ಕಪ್ಪು ಪೇಂಟ್. ಅವನ ದನಿ ಸಣ್ಣಗಾಯಿತು. “ಹಾಗಾದ್ರೆ ಇದು 1916ರದ್ದಲ್ವಾ ಮಾವ?” ಬಾಡಿ 1916ರದ್ದೇ ಇರಬಹುದು, ಅದನ್ನು ನೋಡೋಣ ಅಂದೆ.

ಬಲಗೋಡೆಯ ಫೋಟೊ ತರಿಸಿದೆ. ಸ್ಲಾಟ್ ಇದೆ, ಕಟ್‌ಆಫ್ ಇಲ್ಲ. ಸಾಕೆಟ್ ಮೇಲೆ ರೋಮನ್ ಮೂರು, ನಕ್ಷತ್ರ. ಆಮೇಲೆ ಅವನಿಗೆ ಒಂದು ಕೆಲಸ ಹೇಳಿದೆ: ರೂಮಿನ ಲೈಟ್ ಆರಿಸು, ಟಾರ್ಚನ್ನು ಸಾಕೆಟ್‌ಗೆ ತಾಗುವ ಹಾಗೆ ಪಕ್ಕದಿಂದ ಹಿಡಿ, ಎದುರಿನಿಂದ ಬೇಡ. ಪಕ್ಕದ ಬೆಳಕಿಗೆ ಪ್ರತಿ ಠಸ್ಸೆಯ ಆಳ ನೆರಳಾಗಿ ಕಾಣುತ್ತದೆ. ಆ ಫೋಟೊದಲ್ಲಿ ಮೂರು ಗೆರೆಗಳೂ ಒಂದೇ ಆಳ, ಒಂದೇ ಸಾಲು. ನಕ್ಷತ್ರ ಮಾತ್ರ ಕೂದಲಷ್ಟು ಮೇಲೆ, ಸ್ವಲ್ಪ ಆಳ ಜಾಸ್ತಿ, ಒಂದು ಕಡೆ ವಾಲಿಕೊಂಡಿದೆ. ಅದನ್ನು ಬೇರೆ ಪಂಚ್‌ನಲ್ಲಿ, ಬೇರೆ ಹೊತ್ತಿನಲ್ಲಿ, ಬೇರೆ ಕೈ ಹೊಡೆದಿದೆ. ಸ್ಲಾಟಿನ ಅಂಚಿಗೆ ಉಗುರು ತಾಗಿಸಿ ನೋಡು ಅಂದೆ. ನಯವಾಗಿದೆ ಮಾವ, ಗೆರೆ ಸಿಗುತ್ತಿಲ್ಲ ಅಂದ. ಅಂದರೆ ಅಲ್ಲಿ ತಗಡು ಆಡಿದೆ. ನನ್ನ ಲೆಕ್ಕದಲ್ಲಿ ಅದು ಕಟ್‌ಆಫ್ ಸಮೇತ, ನಕ್ಷತ್ರ ಇಲ್ಲದೆ ಹುಟ್ಟಿದ ಮಾರ್ಕ್ ತ್ರೀ. ಕಟ್‌ಆಫ್ ಆಮೇಲೆ ತೆಗೆದಿದ್ದಾರೆ, ತೆಗೆದವರು ನಕ್ಷತ್ರ ಹೊಡೆದಿದ್ದಾರೆ.

ಯಾವಾಗ ಹೊಡೆದರು ಅನ್ನುವುದು ಉಳಿಯಿತು. ಪೇಂಟ್ ಹೊಡೆದ ಮೇಲೆ ಠಸ್ಸೆ ಹಾಕಿದ್ದರೆ ಅಂಚಿನಲ್ಲಿ ಪೇಂಟ್ ಒಡೆದು ಚಕ್ಕೆ ಎದ್ದಿರಬೇಕು, ತಳದಲ್ಲಿ ಬರೀ ಕಬ್ಬಿಣ ಕಾಣಬೇಕು. ಪೇಂಟ್‌ಗಿಂತ ಮುಂಚೆ ಹಾಕಿದ್ದರೆ ಪೇಂಟ್ ಗುಳಿಯೊಳಗೆ ತುಂಬಿರಬೇಕು. ಅವನು ಒಂದು ಲೆನ್ಸ್ ತಂದು, ಊಟ ಬಿಟ್ಟು, ರಾತ್ರಿಯೆಲ್ಲ ನೋಡಿದ. ನಮಗೆ ಇಲ್ಲಿ ಬೆಳಗಾಗಿತ್ತು, ಕಾಫಿ ಕುಡಿಯುತ್ತಾ ಇದ್ದೆ, ಮೊಬೈಲ್ ಸದ್ದಾಯಿತು. ನಕ್ಷತ್ರದ ಐದೂ ಮೂಲೆಗಳ ತುಂಬಾ ಕಪ್ಪು ಪೇಂಟ್ ಇತ್ತು. ಪಕ್ಕದಲ್ಲೇ ರಿಪೇರಿಯ ಇಸವಿಯ ಠಸ್ಸೆ, ಅದರೊಳಗೆ ಪೇಂಟ್ ಇಲ್ಲ, ಕಬ್ಬಿಣ ಹೊಳೆಯುತ್ತಿತ್ತು.